ಬರ, ಬಡತನ ಮತ್ತು ಜನಸಂಖ್ಯೆ: ಕಲಾದಗಿ ಸೀಮೆಯ ಇತಿಹಾಸದಿಂದ ಒಂದು ವಿವೇಚನೆ

೧

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಹರಿಯುವ ಸೀಮೆಯು ಕನ್ನಡನಾಡಿನ ಇತಿಹಾಸದಲ್ಲಿ ಹಿರಿದಾದ ಸ್ಥಾನವನ್ನು ಪಡೆದಿದೆ. ಬಾದಾಮಿಯು ಚಾಲುಕ್ಯರ ರಾಜಧಾನಿಯಾಗಿದ್ದಿತು. ಹುನಗುಂದ ತಾಲ್ಲೂಕಿನ ಐಹೊಳೆಯು ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘಕ್ಕೆ ಹೆಸರನ್ನು ಕೊಟ್ಟಿತು. ಅದೇ ತಾಲ್ಲೂಕಿನ ಕೂಡಲಸಂಗಮವು ಬಸವಣ್ಣನವರ ಅಂಕಿತದ ಮೂಲಕ ಕನ್ನಡ ಸಾಹಿತ್ಯದಲ್ಲಿ ಚಿರಸ್ಥಾಯಿಯಾಯಿತು. ಇಳಕಲ್ಲಿನ ಸೀರೆಯೂ ಬಾದಾಮಿಯ ಸಮೀಪದ ಗುಳೇದಗುಡ್ಡದ ಖಣವೂ ನಾಡಿನ ಹೆಣ್ಣುಮಕ್ಕಳ ಉಡುಗೆಯಾದುವು. ಇಲ್ಲಿಯ ಶಿಲಾಶಾಸನಗಳಿಂದ ಅರಸರ ವಂಶಾವಳಿಯೂ ದಾನದತ್ತಿಗಳೂ ತಿಳಿದುಬರುತ್ತವೆ. ಆದರೆ ಈ ನೆಲದಲ್ಲಿ ಒಂದು ಕಾಲಕ್ಕೆ ಎಷ್ಟು ಜನರು ಬಾಳಿದರು, ಹುಟ್ಟಿದ ಕೂಸುಗಳಲ್ಲಿ ಎಷ್ಟು ಬದುಕಿ ಬೆಳೆದುವು, ಹಸಿವು ಬಂದಾಗ ಎಷ್ಟು ಮನೆಗಳ ಕದ ಮುಚ್ಚಿದುವು ಎಂಬುದನ್ನು ಅವು ಹೇಳುವುದಿಲ್ಲ. ಅದನ್ನು ಅಂಕಿಗಳಿಂದ ಅರಿಯುವ ಸೌಲಭ್ಯವು ೧೮೭೨ರ ಜನಗಣತಿಯಿಂದ ಮೊದಲಾಗುತ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಆಗ ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿದ್ದುವು. ೧೮೮೦ರ ದಶಕದ ನಡುವಿನಲ್ಲಿ ಜಿಲ್ಲೆಯ ಮುಖ್ಯ ಕಚೇರಿಯು ವಿಜಾಪುರಕ್ಕೆ ಹೋಗಿ, ಜಿಲ್ಲೆಗೂ ಅದೇ ಹೆಸರಾಯಿತು. ಮುಧೋಳ, ಜಮಖಂಡಿಗಳು ಪ್ರತ್ಯೇಕ ಸಂಸ್ಥಾನಗಳಾಗಿದ್ದುವು. ೧೯೯೭ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತು. ಮುಂದೆ ಬರುವ ಅಂಕಿಗಳನ್ನು ನೋಡುವಾಗ ಈ ಎಲ್ಲೆಗಳ ಬದಲಾವಣೆಯನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಇಲ್ಲಿ ವಿವೇಚಿಸಬೇಕಾದ ಪ್ರಶ್ನೆಯು ಒಂದೇ. ಬರಗಾಲವೂ ರೋಗವೂ ಜನಸಂಖ್ಯೆಯನ್ನು ನೆಲದ ಶಕ್ತಿಗೆ ತಕ್ಕಷ್ಟು ಮಿತಿಗೊಳಿಸುವ ಪ್ರಕೃತಿಯ ಉಪಾಯಗಳೆಂಬ ಅಭಿಪ್ರಾಯವೊಂದು ಬಹುಕಾಲ ಪ್ರಚಾರದಲ್ಲಿದ್ದಿತು. ಈ ಅಭಿಪ್ರಾಯಕ್ಕೆ ಕಲಾದಗಿ ಸೀಮೆಯ ಅನುಭವವು ಆಧಾರವನ್ನು ಕೊಡುತ್ತದೆಯೇ?

೨

೧೭೯೮ರಲ್ಲಿ ಜನಸಂಖ್ಯೆಯನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದ ಮಾಲ್ಥಸನು ೧೮೦೫ರಿಂದ ೧೮೩೪ರಲ್ಲಿ ತಾನು ಮರಣಹೊಂದುವವರೆಗೆ ಈಸ್ಟ್ ಇಂಡಿಯಾ ಕಂಪನಿಯ ಹೇಲಿಬರಿ ವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದನು. ಭಾರತಕ್ಕೆ ಅಧಿಕಾರಿಗಳಾಗಿ ಬರತಕ್ಕ ತರುಣರು ಆ ವಿದ್ಯಾಲಯದಲ್ಲಿ ಕಲಿತರು. ಅನ್ನಕ್ಕಿಂತ ಜನವು ಬೇಗ ಹೆಚ್ಚುತ್ತದೆಂಬ ಅವನ ಮತವು ಈ ದೇಶದ ಆಡಳಿತದಲ್ಲಿ ಬೇರೂರಿದುದರಲ್ಲಿ ಆಶ್ಚರ್ಯವಿಲ್ಲ. ೧೮೭೭ರಲ್ಲಿ, ದಕ್ಷಿಣ ಭಾರತವು ಹಸಿವಿನಿಂದ ತತ್ತರಿಸುತ್ತಿದ್ದಾಗ, ವೈಸರಾಯ್ ಲಿಟ್ಟನ್ನನು ಇದೇ ಅರ್ಥದ ಮಾತನ್ನು ಆಡಿದನು.

ಕಲಾದಗಿ ಸೀಮೆಗೆ ಬರವು ಹೊಸದಾಗಿರಲಿಲ್ಲ. ೧೭೯೧-೯೨ರ ಕ್ಷಾಮವು, ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳು ನೆಲವನ್ನು ಮುಚ್ಚಿದುವೆಂಬ ಕಾರಣದಿಂದ, ಡೋಗಿ ಬರವೆಂದು ಜನರ ನೆನಪಿನಲ್ಲಿ ಉಳಿದಿತ್ತು. ಈ ಸೀಮೆಯ ಮಳೆಯು ವರ್ಷಕ್ಕೆ ಸುಮಾರು ೫೫೦ರಿಂದ ೬೦೦ ಮಿಲಿಮೀಟರು. ಅದೂ ಹೊತ್ತಿಗೆ ಸರಿಯಾಗಿ ಬರುವುದೆಂಬ ಭರವಸೆಯಿಲ್ಲ. ಎರೆ ಭೂಮಿಯ ಹಿಂಗಾರಿ ಜೋಳವೇ ಮುಖ್ಯ ಆಹಾರ. ಆದುದರಿಂದಲೇ ಒಕ್ಕಲಿಗರು ನೆಲದಲ್ಲಿ ಹಗೇವುಗಳನ್ನು ತೋಡಿ, ಹುಲ್ಲು ಹಾಸಿ, ಜೋಳವನ್ನು ತುಂಬಿ, ಗಾಳಿಯಾಡದಂತೆ ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಪಾಡುವ ಪದ್ಧತಿಯನ್ನು ಬೆಳೆಸಿದ್ದರು. ಹಗೇವು ಎಂಬುದು ಮಳೆಯ ಮೇಲಣ ಅಪನಂಬಿಕೆಯಿಂದ ಹುಟ್ಟಿದ ವಿವೇಕ. ಆದರೆ ಅದು ತುಂಬುವುದು ತಿಂದು ಮಿಗುವಷ್ಟು ಬೆಳೆದವನಿಗೆ ಮಾತ್ರ. ಕೂಲಿಗಾರನಿಗೂ ನೇಕಾರನಿಗೂ ಹಗೇವು ಇರಲಿಲ್ಲ. ಅವರ ಪಾಲಿಗೆ ಆ ದಿನದ ಕೂಲಿಯೇ ಆ ದಿನದ ಜೋಳ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (೧೮೬೧-೬೫) ಹತ್ತಿಯ ಬೆಲೆ ಏರಿ, ಯುದ್ಧವು ಮುಗಿದೊಡನೆ ಇಳಿಯಿತು. ಕಂದಾಯವನ್ನಾದರೋ ನಗದಾಗಿಯೇ ತೆರಬೇಕಾಗಿತ್ತು. ಹೀಗೆ ಸಣ್ಣ ಹಿಡುವಳಿದಾರರಲ್ಲಿ ಅನೇಕರು ಸಾವುಕಾರನ ಖಾತೆಯಲ್ಲಿ ಸಿಕ್ಕಿಕೊಂಡರು. ಸಾಲಗಾರ ರೈತರ ರಕ್ಷಣೆಗಾಗಿ ೧೮೭೯ರಲ್ಲಿ ಆದ ದಖ್ಖನಿನ ಕಾಯಿದೆಯು ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಮಾತ್ರ ಅನ್ವಯಿಸಿತು. ಕಲಾದಗಿಯು ಅದರ ಹೊರಗೆ ಉಳಿಯಿತು.

೩

ಇಂತಹ ಸ್ಥಿತಿಯಲ್ಲಿ ೧೮೭೬ರ ಮಳೆ ಕೈಕೊಟ್ಟಿತು. ಮುಂಬಯಿ ಇಲಾಖೆಯಲ್ಲಿ ಅತ್ಯಂತ ಸಂಕಟಕ್ಕೊಳಗಾದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಜೋಳದ ಬೆಲೆ ಏರಿತು. ಹೊಲದಲ್ಲಿ ಕೆಲಸವಿಲ್ಲದುದರಿಂದ ಕೂಲಿ ನಿಂತಿತು. ಇಳಕಲ್ಲು, ಗುಳೇದಗುಡ್ಡಗಳ ನೇಕಾರರ ಕಷ್ಟವು ಬೇರೊಂದು ಬಗೆಯದು. ಮಳೆಯಿಲ್ಲದಿದ್ದರೂ ಮಗ್ಗವು ನಡೆಯಬಲ್ಲುದು. ಆದರೆ ಹೊಟ್ಟೆಗಿಲ್ಲದವನು ಸೀರೆಯನ್ನು ಕೊಳ್ಳನು. ಆಹಾರದ ಬೆಲೆ ಏರುತ್ತಿರುವಾಗಲೇ ಬಟ್ಟೆಯ ಗಿರಾಕಿ ಇಲ್ಲವಾದರೆ ನೇಕಾರನು ಒಕ್ಕಲಿಗನಿಗಿಂತ ಮೊದಲೇ ಬೀದಿಗೆ ಬೀಳುತ್ತಾನೆ. ಕ್ಷಾಮವೆಂದರೆ ಧಾನ್ಯದ ಅಭಾವ ಮಾತ್ರವಲ್ಲ, ಧಾನ್ಯವನ್ನು ಪಡೆಯುವ ಶಕ್ತಿಯ ಅಭಾವವೆಂದು ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದರು. ಕೊಳ್ಳುವವರಿಲ್ಲದ ಮಗ್ಗದ ಮುಂದೆ ಕುಳಿತ ನೇಕಾರನ ಸ್ಥಿತಿಯು ಈ ಸಿದ್ಧಾಂತಕ್ಕೆ ತಕ್ಕ ನಿದರ್ಶನವಾಗಿದೆ.

ಸರಕಾರವು ಬರಗಾಲದ ಕಾಮಗಾರಿಗಳನ್ನು ತೆರೆಯಿತು. ಆದರೆ ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ಲನ ಸಲಹೆಯಂತೆ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ನಗದಿನ ಮಟ್ಟಕ್ಕೆ ಇಳಿಸಲಾಯಿತು. ಕಲ್ಲು ಒಡೆಯುವ, ಮಣ್ಣು ಹೊರುವ ಆಳಿಗೆ ಇಷ್ಟು ಸಾಲದೆಂದು ಮದರಾಸು ಇಲಾಖೆಯ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಬಲವಾಗಿ ಆಕ್ಷೇಪಿಸಿದನು. ಅಲ್ಲಿ ಅದೇ ವರ್ಷ ಪಡಿಯನ್ನು ಹೆಚ್ಚಿಸಬೇಕಾಯಿತು. ಪುಣೆಯ ಸಾರ್ವಜನಿಕ ಸಭೆಯು ಜಿಲ್ಲೆಗಳಿಂದ ವರದಿಗಳನ್ನು ಸಂಗ್ರಹಿಸಿ ಸರಕಾರದ ಮುಂದಿಟ್ಟಿತು. ಕಾಯಕ, ದಾಸೋಹಗಳೆರಡನ್ನೂ ಒಟ್ಟಿಗೆ ಎತ್ತಿಹಿಡಿದ ಶರಣರ ಸೀಮೆಯಲ್ಲಿ, ದುಡಿಸಿಕೊಳ್ಳುವುದು ನಡೆಯಿತು. ಉಣಿಸುವುದು ದುಡಿಮೆಗೆ ತಕ್ಕಷ್ಟು ನಡೆಯಲಿಲ್ಲ.

ಹಸಿವಿನಿಂದಲೇ ನೇರವಾಗಿ ಸತ್ತವರು ಸತ್ತವರಲ್ಲಿ ಒಂದು ಭಾಗ ಮಾತ್ರ. ಬಡವಾದ ದೇಹಕ್ಕೆ ರೋಗವು ಸುಲಭವಾಗಿ ತಗಲಿತು. ಬತ್ತಿದ ಹೊಂಡಗಳ ಕೆಸರುನೀರು, ಕಾಮಗಾರಿಗಳ ಬಳಿ ಒತ್ತೊತ್ತಾಗಿ ನೆರೆದ ಜನಸಂದಣಿ, ಹಸಿವೆಗೆ ತಿಂದ ಸೊಪ್ಪು ಬೇರುಗಳು ಇವುಗಳಿಂದ ಕಾಲರಾ, ಆಮಶಂಕೆ, ಅತಿಸಾರಗಳು ಹಬ್ಬಿದುವು. ಮಳೆ ಮರಳಿ ಬಂದಾಗ ಸಂಕಟವು ಮುಗಿಯಲಿಲ್ಲ. ನೀರು ನಿಂತಲ್ಲಿ ಸೊಳ್ಳೆ ಹುಟ್ಟಿ, ಶಕ್ತಿಗುಂದಿದ ಜನರನ್ನು ಚಳಿಜ್ವರವು ಹಿಡಿಯಿತು. ಭಾರತದ ಕ್ಷಾಮಗಳ ಜನನ-ಮರಣದ ಲೆಕ್ಕಗಳನ್ನು ಪರಿಶೀಲಿಸಿದ ಟಿಮ್ ಡೈಸನ್ನರು ೧೯೯೧ರಲ್ಲಿ ತೋರಿಸಿಕೊಟ್ಟಂತೆ, ಮರಣವು ತುತ್ತತುದಿಗೆ ಏರಿದುದು ಅನೇಕ ವೇಳೆ ಮಳೆ ಬಂದ ಮೇಲೆಯೇ. ಕ್ಷಾಮವು ರೋಗಕ್ಕೆ ದಾರಿ ಮಾಡಿಕೊಟ್ಟಿತು. ರೋಗವು ಉಳಿದ ಕೆಲಸವನ್ನು ಮಾಡಿತು. ದಕ್ಷಿಣ ಭಾರತದಲ್ಲೆಲ್ಲ ಸತ್ತವರ ಸಂಖ್ಯೆಯನ್ನು ಐವತ್ತು ಲಕ್ಷಕ್ಕೂ ಮೇಲೆಂದು ಅಂದಾಜು ಮಾಡಲಾಗಿದೆ.

೪

ಈಗ ಅಂಕಿಗಳನ್ನು ನೋಡಬಹುದು. ಜಿಲ್ಲೆಯ ಜನಸಂಖ್ಯೆಯು ೧೮೭೨ರಲ್ಲಿ ೮,೧೬,೨೭೩, ೧೮೮೧ರಲ್ಲಿ ೬,೩೮,೪೯೩, ೧೮೯೧ರಲ್ಲಿ ೭,೯೬,೩೩೯, ೧೯೦೧ರಲ್ಲಿ ೭,೩೫,೪೩೫. ಮೊದಲ ಅವಧಿಯಲ್ಲಿ ೧,೭೭,೭೮೦ ಜನ, ಎಂದರೆ ನೂರಕ್ಕೆ ಸುಮಾರು ೨೨ ಮಂದಿ ಕಡಮೆಯಾದರು. ನೆರೆಯ ಮೈಸೂರು ಸಂಸ್ಥಾನದಲ್ಲಿಯೂ ಜನಸಂಖ್ಯೆಯು ೧೮೭೧ರ ೫೦ ಲಕ್ಷದಿಂದ ೧೮೮೧ರ ವೇಳೆಗೆ ೪೨ ಲಕ್ಷಕ್ಕೆ ಇಳಿದಿತ್ತು.

ಕಲಾದಗಿಯ ಈ ಇಳಿತದಲ್ಲಿ ಮೂರು ಬಗೆಯವರು ಸೇರಿದ್ದಾರೆ. ಸತ್ತವರು ಮೊದಲನೆಯವರು. ಗುಳೇ ಹೋಗಿ ಮರಳದವರು ಎರಡನೆಯವರು. ಹುಟ್ಟಬೇಕಾಗಿದ್ದು ಹುಟ್ಟದೆಹೋದ ಕೂಸುಗಳು ಮೂರನೆಯವರು. ಏಕೆಂದರೆ ಹಸಿವಿನಿಂದ ಹೆಂಗಸರ ಗರ್ಭಧಾರಣಶಕ್ತಿಯು ಕುಂದುತ್ತದೆ, ಗಂಡಹೆಂಡಿರು ಅಗಲಿರುತ್ತಾರೆ, ಮದುವೆಗಳು ಮುಂದಕ್ಕೆ ಹೋಗುತ್ತವೆ. ಆದುದರಿಂದ ಇಡೀ ೧,೭೭,೭೮೦ನ್ನು ಮರಣದ ಲೆಕ್ಕವೆಂದು ಭಾವಿಸುವುದು ತಪ್ಪಾಗುತ್ತದೆ. ಈ ನಡುವೆ ಸಹಜವಾಗಿ ಆಗಬೇಕಾಗಿದ್ದ ಹೆಚ್ಚಳವನ್ನು ಲೆಕ್ಕಿಸದೆ ಬಿಡುವುದೂ ಅಷ್ಟೇ ತಪ್ಪು.

ಮುಖ್ಯವಾದ ಸಂಗತಿಯು ಎರಡನೆಯ ಅವಧಿಯದು. ಕ್ಷಾಮವು ಜನಸಂಖ್ಯೆಯನ್ನು ನೆಲದ ಶಕ್ತಿಗೆ ಹೊಂದಿಸುವ ಪ್ರಕೃತಿಯ ಕತ್ತರಿಯಾಗಿದ್ದರೆ, ಕತ್ತರಿಸಿದ ಮೇಲೆ ಸಂಖ್ಯೆಯು ಆ ಮಟ್ಟದಲ್ಲಿ ನಿಲ್ಲಬೇಕಾಗಿತ್ತು. ಆದರೆ ೧೮೮೧ರಿಂದ ೧೮೯೧ರೊಳಗೆ ಅದು ೧,೫೭,೮೪೬ರಷ್ಟು, ಎಂದರೆ ನೂರಕ್ಕೆ ಸುಮಾರು ೨೫ರಂತೆ ಏರಿ, ಹಳೆಯ ಮಟ್ಟಕ್ಕೆ ಬಹಳ ಹತ್ತಿರ ಬಂದಿತು. ಇದಕ್ಕೆ ಕಾರಣವು ಗೂಢವಾದುದಲ್ಲ. ಕ್ಷಾಮದಲ್ಲಿ ಹೆಚ್ಚಾಗಿ ಸಾಯುವವರು ಹಸುಮಕ್ಕಳು ಮತ್ತು ಮುದುಕರು. ಉಳಿಯುವವರಲ್ಲಿ ಹೆರುವ ವಯಸ್ಸಿನವರ ಪಾಲು ಹೆಚ್ಚು. ತಡೆದ ಮದುವೆಗಳು ನಡೆಯುತ್ತವೆ, ಗುಳೇ ಹೋದವರಲ್ಲಿ ಕೆಲವರು ಮರಳುತ್ತಾರೆ, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಮತ್ತೆ ಹೆರುತ್ತಾರೆ. ಹತ್ತು ವರ್ಷಗಳಲ್ಲಿ ತೊಟ್ಟಿಲುಗಳು ಮತ್ತೆ ತುಂಬಿದುವು; ಬಡತನವು ಮೊದಲಿನಂತೆಯೇ ಇದ್ದಿತು. ೧೮೯೬-೯೭, ೧೮೯೯-೧೯೦೦ರ ಬರಗಳು ಬಂದಾಗ ಸಂಖ್ಯೆಯು ಪುನಃ ೬೦,೯೦೪ರಷ್ಟು ಇಳಿಯಿತು. ಇದು ಸ್ಥಿರತೆಯಲ್ಲ, ಸಾವು ಹುಟ್ಟುಗಳ ನಡುವೆ ತೂಗುವ ಉಯ್ಯಾಲೆ. ಬರವು ಜನರನ್ನು ಕಡಮೆ ಮಾಡಿತೇ ಹೊರತು, ಹೆಚ್ಚು ಹೆರುವುದಕ್ಕೆ ಕಾರಣವಾಗಿದ್ದ ಬಡತನವನ್ನು ಹಾಗೆಯೇ ಉಳಿಸಿತು.

೧೯೦೧ರ ಇಳಿತವು ನೂರಕ್ಕೆ ಎಂಟಕ್ಕಿಂತ ಕಡಮೆಯಾಗಿದ್ದುದನ್ನೂ ಗಮನಿಸಬೇಕು. ೧೮೮೦ರ ಕ್ಷಾಮ ಆಯೋಗದ ವರದಿಯ ಫಲವಾಗಿ ಕ್ಷಾಮನಿಯಮಾವಳಿಗಳು ರಚಿತವಾಗಿದ್ದುವು. ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೂಲಕ ಗದಗಕ್ಕೆ ಹೋಗುವ ರೈಲುಮಾರ್ಗವು ೧೮೮೪ರ ಸುಮಾರಿಗೆ ತೆರೆದಿದ್ದಿತು. ೧೮೭೭ರಲ್ಲಿ ಎತ್ತಿನ ಗಾಡಿಯಲ್ಲಿ ಬರಬೇಕಾಗಿದ್ದ ಧಾನ್ಯವು, ಗಾಡಿ ಎಳೆಯುವ ಎತ್ತುಗಳಿಗೇ ಮೇವಿಲ್ಲದೆ ದಾರಿಯಲ್ಲಿ ನಿಲ್ಲುವಂತಿತ್ತು. ೧೯೦೦ರಲ್ಲಿ ಅದು ರೈಲಿನಲ್ಲಿ ಬರಬಹುದಾಗಿತ್ತು. ಸಾವು ಕಡಮೆಯಾದುದು ನಿಜ. ಆದರೆ ನಿಲ್ದಾಣಕ್ಕೆ ಬಂದ ಧಾನ್ಯವು ದುಡ್ಡಿದ್ದವನ ಮನೆಗೆ ಮಾತ್ರ ಹೋಗುತ್ತದೆ. ರೈಲು ದೂರವನ್ನು ಗೆದ್ದಿತು, ಬಡತನವನ್ನು ಗೆಲ್ಲಲಿಲ್ಲ. ೧೯೧೮ರಲ್ಲಿ ಮಳೆಯೂ ತಪ್ಪಿ, ಇನ್ಫ್ಲುಯೆಂಜಾ ಜ್ವರವೂ ಬಂದಾಗ ಮುಂಬಯಿ ಇಲಾಖೆಯೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನರು ಸತ್ತರೆಂದು ಅಂದಾಜು. ೧೯೧೧ರಿಂದ ೧೯೨೧ರವರೆಗಿನ ಹತ್ತು ವರ್ಷಗಳಲ್ಲಿ ಇಡೀ ಭಾರತದ ಜನಸಂಖ್ಯೆಯೇ ಸ್ವಲ್ಪ ಕುಗ್ಗಿತು.

೫

೧೯೨೧ರಿಂದಾಚೆಗೆ ಅಂತಹ ಇಳಿತವು ದೇಶದ ಯಾವ ಜನಗಣತಿಯಲ್ಲಿಯೂ ಕಂಡುಬರಲಿಲ್ಲ. ಈ ಮಾರ್ಪಾಡಿಗೆ ಕಾರಣವು ಔಷಧವೋ ಅನ್ನವೋ ಎಂಬುದು ವಿದ್ವಾಂಸರಲ್ಲಿ ವಿವಾದಕ್ಕೆ ಎಡೆಗೊಟ್ಟ ವಿಷಯ. ಇಂಗ್ಲೆಂಡಿನ ಮರಣಪ್ರಮಾಣವು ಇಳಿದುದಕ್ಕೆ ಉತ್ತಮ ಆಹಾರವೇ ಮುಖ್ಯ ಕಾರಣವೆಂದು ಥಾಮಸ್ ಮೆಕ್ಯೂನ್ ೧೯೭೬ರಲ್ಲಿ ವಾದಿಸಿದನು. ಶುದ್ಧ ನೀರು, ಚರಂಡಿ ಮೊದಲಾದ ಸಾರ್ವಜನಿಕ ಕಾರ್ಯಗಳೇ ಮುಖ್ಯವೆಂದು ಸೈಮನ್ ಸ್ರೆಟರ್ ೧೯೮೮ರಲ್ಲಿ ಪ್ರತಿವಾದ ಹೂಡಿದನು. ಬಾದಾಮಿ, ಹುನಗುಂದಗಳ ಮಟ್ಟಿಗೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ನಾರುಹುಣ್ಣಿನ ಉದಾಹರಣೆಯನ್ನು ನೋಡಬಹುದು. ಮೆಟ್ಟಿಲಿಳಿದು ನೀರು ತುಂಬುವ ಬಾವಿ ಹೊಂಡಗಳಿಂದ ಹರಡುತ್ತಿದ್ದ ಈ ರೋಗವು ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಹುಕಾಲ ಕಾಡಿತು. ಕಾಲಿನಿಂದ ಹುಳು ಹೊರಬರುವ ವಾರಗಳಲ್ಲಿ ಆಳು ಮೇಲೇಳಲಾರನು. ಅದು ಬಿತ್ತನೆಯ ಕಾಲವಾದರೆ ಆ ವರ್ಷದ ಕೂಲಿಯೂ ಬೆಳೆಯೂ ಹೋದಂತೆಯೇ. ಕೊಳವೆಬಾವಿಯ ನೀರು, ನೀರನ್ನು ಬಟ್ಟೆಯಲ್ಲಿ ಸೋಸುವ ರೂಢಿ, ಮನೆಮನೆಯ ತಪಾಸಣೆ ಇವುಗಳಿಂದ ಅದು ಅಳಿದು, ೨೦೦೦ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಮಾಣೀಕರಿಸಿತು. ಇಲ್ಲಿ ಬಡತನವು ರೋಗಕ್ಕೂ ರೋಗವು ಬಡತನಕ್ಕೂ ಕಾರಣವಾಗಿದ್ದುದು ಸ್ಪಷ್ಟ.

ಅನ್ನದ ಪಾತ್ರವನ್ನು ಅಳೆದು ತೋರಿಸಿದ ಪ್ರಯೋಗವೊಂದು ಇತ್ತೀಚೆಗೆ ಝಾರಖಂಡದಲ್ಲಿ ನಡೆಯಿತು. ಕ್ಷಯರೋಗಿಗಳ ಮನೆಯವರಲ್ಲಿ ಒಂದು ಗುಂಪಿಗೆ ತಿಂಗಳು ತಿಂಗಳು ಹೆಚ್ಚಿನ ಆಹಾರಧಾನ್ಯವನ್ನು ಕೊಟ್ಟು ನೋಡಲಾಗಿ, ಅವರಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ ೩೯ರಷ್ಟು ಕಡಮೆಯಾಯಿತೆಂದು ೨೦೨೩ರಲ್ಲಿ ಪ್ರಕಟವಾಯಿತು. ಗಾಳಿಬೆಳಕು ಕಡಮೆಯಾದ ಕೋಣೆಯಲ್ಲಿ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನವೆಲ್ಲ ಕೂರುವ ನೇಕಾರರ ಊರುಗಳಿಗೆ ಈ ಸಂಗತಿಯು ವಿಶೇಷವಾಗಿ ಸಂಬಂಧಿಸಿದುದು. ರೊಟ್ಟಿಯೂ ಔಷಧವೇ ಎಂಬುದಕ್ಕೆ ಇದು ಪ್ರಮಾಣ.

೧೯೭೨-೭೩ರಲ್ಲಿ ದಖ್ಖನಿನಲ್ಲಿ ಮತ್ತೆ ಘೋರವಾದ ಬರ ಬಿದ್ದಿತು. ಬೆಳೆ ಒಣಗಿತು, ಜನ ಗುಳೇ ಹೋದರು. ಆದರೆ ೧೮೭೭ರಂತೆ ಊರುಗಳು ಬರಿದಾಗಲಿಲ್ಲ. ನ್ಯಾಯಬೆಲೆಯ ಅಂಗಡಿಗಳು ಆ ನಡುವೆ ಬಂದಿದ್ದುವು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಆಯಿತು. ಕೃಷ್ಣೆಗೆ ಆಲಮಟ್ಟಿಯಲ್ಲಿ ೧೯೬೪ರಲ್ಲಿ ಅಡಿಗಲ್ಲು ಬಿದ್ದಿತು. ಆ ಜಲಾಶಯದ ನೀರು ಹೊಲಗಳಿಗೆ ಹರಿದಂತೆಯೇ ಹಳೆಯ ಬಾಗಲಕೋಟೆಯ ಒಂದು ಭಾಗವನ್ನೂ ಅನೇಕ ಹಳ್ಳಿಗಳನ್ನೂ ಮುಳುಗಿಸಿ, ಜನರನ್ನು ನವನಗರಕ್ಕೂ ಪುನರ್ವಸತಿ ಗ್ರಾಮಗಳಿಗೂ ಕಳುಹಿಸಿತು. ಬಡತನದ ನಿವಾರಣೆಯ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲವೆಂಬುದನ್ನು ಇತಿಹಾಸಕಾರನು ಮರೆಯಬಾರದು.

೬

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗುತ್ತದೆ. ಬಡತನವೂ ರೋಗವೂ ತಗ್ಗಿದರೆ ಜನಸಂಖ್ಯೆಯು ಹೆಚ್ಚುವುದಲ್ಲವೇ? ಹೆಚ್ಚಿದುದು ನಿಜ. ೨೦೧೧ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ೧೮,೮೯,೭೫೨. ವಿಜಾಪುರವನ್ನೂ ಕೂಡಿದರೆ ೪೦ ಲಕ್ಷಕ್ಕೆ ಮೀರುತ್ತದೆ. ಮುಧೋಳ, ಜಮಖಂಡಿಗಳು ಈಗ ಸೇರಿರುವುದನ್ನು ಗಣಿಸಿದರೂ, ೧೮೭೨ಕ್ಕೆ ಹೋಲಿಸಿದರೆ ಇದು ಅನೇಕ ಪಟ್ಟು ಹೆಚ್ಚು.

ಆದರೆ ಈ ಹೆಚ್ಚಳವು ನಡುವಣ ಒಂದು ಹಂತ. ಸಾವು ಮೊದಲು ಇಳಿಯುತ್ತದೆ. ಹೆರಿಗೆಯ ರೂಢಿಯು ತಡವಾಗಿ ಬದಲಾಗುತ್ತದೆ. ಹೆತ್ತ ಐದಾರು ಮಕ್ಕಳಲ್ಲಿ ಎಷ್ಟು ಉಳಿಯುವರೆಂಬ ಭರವಸೆಯಿಲ್ಲದ ತಾಯಿಗೆ ಎರಡೇ ಮಕ್ಕಳು ಸಾಕೆಂದು ಬೋಧಿಸಿ ಫಲವಿಲ್ಲ. ನೇಕಾರನ ಮನೆಯಲ್ಲಿ ಕಂಡಿಕೆ ಸುತ್ತುವ ಕೈಯೂ, ಒಕ್ಕಲಿಗನ ಮನೆಯಲ್ಲಿ ದನ ಕಾಯುವ ಕೈಯೂ ಮಗುವಿನದೇ ಆಗಿರುವವರೆಗೆ, ಮುಪ್ಪಿಗೆ ಮಗನಲ್ಲದೆ ಬೇರೆ ಆಸರೆಯಿಲ್ಲದಿರುವವರೆಗೆ, ಹೆಚ್ಚು ಮಕ್ಕಳು ಬಡವನ ಹಗೇವು. ಮೈಸೂರು ಸಂಸ್ಥಾನವು ೧೯೩೦ರಲ್ಲಿಯೇ ಸರಕಾರಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. ೧೯೫೨ರಲ್ಲಿ ಭಾರತ ಸರಕಾರವು ಕುಟುಂಬಯೋಜನೆಯನ್ನು ಕೈಗೊಂಡಿತು. ಉಪಾಯಗಳು ದೊರೆತ ಮೇಲೂ ಕುಟುಂಬವು ಚಿಕ್ಕದಾಗಲು ದಶಕಗಳೇ ಬೇಕಾದುವು. ಕೂಸು ಬದುಕುವುದೆಂಬ ನಂಬಿಕೆ, ಹೆಣ್ಣುಮಗಳ ಶಾಲೆ, ತಡವಾದ ಮದುವೆ ಇವು ಸೇರಿದಾಗಲೇ ಅದು ಸಾಧ್ಯವಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆಯು ೧೯೯೨-೯೩ರಲ್ಲಿ ೨.೯, ೨೦೦೫-೦೬ರಲ್ಲಿ ೨.೧, ೨೦೧೯-೨೧ರಲ್ಲಿ ೧.೭. ಜನಸಂಖ್ಯೆಯು ತಾನಾಗಿ ನಿಲುಗಡೆಗೆ ಬರುವ ಮಟ್ಟವು ೨.೧. ಈ ಇಳಿತಕ್ಕೆ ಕಾರಣವಾದುದು ಸಾವಲ್ಲ, ಬದುಕಿನ ಭರವಸೆ.

ಬಾಗಲಕೋಟೆಯು ಈ ದಾರಿಯಲ್ಲಿ ರಾಜ್ಯದ ತೆಂಕಣ ಜಿಲ್ಲೆಗಳಿಗಿಂತ ಹಿಂದೆ ಇದ್ದಿತೆಂಬುದನ್ನೂ ಹೇಳಬೇಕು. ೨೦೧೧ರಲ್ಲಿ ಇಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ೫೮ರಷ್ಟು. ಬಾಲ್ಯವಿವಾಹವು ಇಲ್ಲಿ ಇನ್ನೂ ಅಳಿದಿಲ್ಲ. ಬಾದಾಮಿ, ಹುನಗುಂದಗಳ ಮಳೆಯಾಶ್ರಿತ ಹಳ್ಳಿಗಳಿಂದ ಸುಗ್ಗಿ ಮುಗಿದೊಡನೆ ಗೋವೆಗೂ ಮಂಗಳೂರಿಗೂ ಕಟ್ಟಡದ ಕೆಲಸಕ್ಕೆ ಹೋಗುವವರು ಈಗಲೂ ಆ ಹೋಗುವಿಕೆಯನ್ನು ಗುಳೇ ಎಂದೇ ಕರೆಯುತ್ತಾರೆ. ತಾಯಿತಂದೆಗಳ ಹಿಂದೆ ಹೋದ ಮಗುವಿಗೆ ಶಾಲೆ ತಪ್ಪುತ್ತದೆ, ಲಸಿಕೆ ತಪ್ಪುತ್ತದೆ; ಹಿಂದೆ ಉಳಿದ ಹುಡುಗಿಗೆ ಬೇಗ ಮದುವೆಯಾಗುತ್ತದೆ. ೧೮೭೭ರ ಗುಳೆಗೂ ಇಂದಿನ ಗುಳೆಗೂ ಬಹಳ ಅಂತರವಿದೆ; ಅಂದು ಹೋದುದು ಪ್ರಾಣವನ್ನುಳಿಸಿಕೊಳ್ಳಲು, ಇಂದು ಹೋಗುವುದು ಸಾಲವನ್ನು ತೀರಿಸಲು. ಆದರೆ ಎರಡರ ಬೇರೂ ಒಂದೇ ನೆಲದಲ್ಲಿದೆ.

೨೦೦೨ರಿಂದ ಹಂತಹಂತವಾಗಿ ರಾಜ್ಯದ ಶಾಲೆಗಳಲ್ಲಿ ನಡೆದುಬಂದ ಮಧ್ಯಾಹ್ನದ ಊಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಡಲಾಯಿತು. ಕೂಡಲಸಂಗಮದ ಸೀಮೆಯಲ್ಲಿ ಈ ಹೆಸರು ಪರಕೀಯವಲ್ಲ. ಊಟದ ಎಲೆಯ ಮುಂದೆ ಕುಳಿತ ಹುಡುಗಿಯು ಆ ಹೊತ್ತಿನಲ್ಲಿ ಶಾಲೆಯಲ್ಲಿದ್ದಾಳೆ. ಕಂಡಿಕೆಯ ಮುಂದಿಲ್ಲ, ಹಸೆಯ ಮೇಲಿಲ್ಲ. ೧೮೮೧ರ ಜನಗಣತಿಯ ಲೆಕ್ಕಿಗನು ಮುಚ್ಚಿದ ಕದಗಳನ್ನು ಕಂಡು ಮುಂದೆ ಸಾಗಿದ ಊರುಗಳಲ್ಲಿ, ಆಕೆಯು ಓದಿ ಬೆಳೆದು, ತನ್ನ ಕಾಲಕ್ಕೆ ತಾಯಿಯಾಗಿ, ಹೆತ್ತ ಮಕ್ಕಳೆಲ್ಲರನ್ನೂ ಉಳಿಸಿಕೊಳ್ಳುವಂತಾದರೆ, ಆ ಸೀಮೆಯ ಜನಸಂಖ್ಯೆಯು ಸ್ಥಿರವಾಯಿತೆಂದು ಹೇಳಬಹುದು.